ಮಲಗಿ ಎದ್ದ ಮನ್ಸಾಕು

ಇಸೊಳ ಮುತ್ತಜ್ಜ ಕ್ಯೂಬೆ. ಹೊಳೆಯಾಚೆಯ ಬುದ್ಧಗುಡಿಯ ಮಾಡು ಗಾಳಿಗೆ ವಾಲಿ ಬಡಗಿಗಳೆಲ್ಲ ಏಣಿ ಇಳಿದು ಓಡಿದ ದಿನ, ಅವನೊಬ್ಬನೇ ಮೇಲೆ ಉಳಿದು, ಕಟ್ಟುಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಮೂಲೆತೊಲೆಯನ್ನು ಬಿಗಿದವನು. ಆಮೇಲೆ ಸಾಯುವ ತನಕ ಅವನ ಬಾಯಲ್ಲಿ ಮುಂಹಲ್ಲು ಇರಲಿಲ್ಲ. ಎಲ್ಲಿ ಹೋದವು ಎಂದು ಕೇಳಿದವರಿಗೆ "ಅಮಿದಾ ಬುದ್ಧನಿಗೆ ಕಾಣಿಕೆ ಕೊಟ್ಟೆ" ಎನ್ನುತ್ತಿದ್ದನಂತೆ. ಅವನ ಮಗ ಯಸೊಜಿ. ಹಿಮ ಜಾರಿ ಕೆಳಕೇರಿಯನ್ನು ನೂಕಿದ ವರ್ಷ, ಅಲ್ಲಿ ನಿಂತು ಉಳಿದಿದ್ದ ಮನೆಯೊಂದನ್ನು ತೊಲೆತೊಲೆಯಾಗಿ ಬಿಚ್ಚಿ, ಗುಡ್ಡದ ಮೇಲಕ್ಕೆ ಹೊರಿಸಿ, ಒಂದೇ ಒಂದು ಮೊಳೆ ಬಡಿಯದೆ ಮತ್ತೆ ಎಬ್ಬಿಸಿದ. ಯಸೊಜಿಯ ಹೆಂಡತಿ ಟಾಕೆ ಅವನಿಗಿಂತ ಒಂದು ಕೈ ಮೇಲು. ಗಂಡ ಜ್ವರದಲ್ಲಿ ಮಲಗಿದಾಗ ಅವನ ನಡುಪಟ್ಟಿಯನ್ನು ತಾನು ಬಿಗಿದುಕೊಂಡು ಮಾಡು ಹತ್ತಿ ಗಂಟು ಹಾಕಿ ಬಂದಳು. ಹೊಗಳಿಕೆಯನ್ನು ಮಾತ್ರ ಗಂಡನ ಹೆಸರಿಗೆ ಬಿಟ್ಟಳು. ಇವರ ಮಗ ಸೆಂಜಿಗೆ ಗಂಡು ಸಂತಾನವಿರಲಿಲ್ಲ. ಅವನು ಮಗಳ ಕೈಗೇ ಕೊಡತಿ ಕೊಟ್ಟ. ಆ ಮಗಳೇ ಇಸೊ.

ಶೋ ಹೊಳೆಯ ನಮ್ಮ ಊರುಗಳಲ್ಲಿ ಮನೆ ಎಂದರೆ ಮಾಡು. ಜೋಡಿಸಿದ ಕೈಗಳಂತೆ ಒಂದಕ್ಕೊಂದು ಒರಗಿ ನಿಂತ ದೊಡ್ಡ ತೊಲೆಗಳು, ಮೇಲೆ ಆಳುದ್ದ ಹುಲ್ಲಿನ ಹೊದಿಕೆ. ತೊಲೆಗೆ ತೊಲೆ ಕೂಡುವಲ್ಲಿ ಕಬ್ಬಿಣವಿಲ್ಲ. ಮನ್ಸಾಕು ಗಿಡದ ಎಳೆಯ ಕಾಂಡವನ್ನು ಜಜ್ಜಿ, ಬಟ್ಟೆ ಹಿಂಡಿದಂತೆ ಹಿಂಡಿ, ಹಸಿ ಇರುವಾಗಲೇ ಸುತ್ತಿ ಗಂಟು ಹಾಕುತ್ತೇವೆ. ಅದಕ್ಕೆ ನೆಸೊ ಎಂದು ಹೆಸರು. ಒಣಗಿದಷ್ಟೂ ಅದು ಬಿಗಿಯುತ್ತದೆ, ಒಲೆಯ ಹೊಗೆ ಕುಡಿದಷ್ಟೂ ಗಟ್ಟಿಯಾಗುತ್ತದೆ. "ಮೊಳೆ ಗಾಳಿ ಸಂಗಡ ಜಗಳಕ್ಕೆ ನಿಲ್ಲುತ್ತೆ, ನೆಸೊ ತಲೆದೂಗಿ ಸಾಗಹಾಕುತ್ತೆ" ಎಂದು ಸೆಂಜಿ ಹೇಳುತ್ತಿದ್ದ.

ನಮಗೆ ಮನ್ಸಾಕು ಸಿಗುತ್ತಿದ್ದುದು ಊರ ಹಿಂದಿನ ಗುಡ್ಡದ ಬೆನ್ನಿನಲ್ಲಿ. ಯುದ್ಧ ಮುಗಿದ ಮರುವರ್ಷ ಆ ಬೆನ್ನು ಮಣ್ಣು ಸಮೇತ ಹೊಳೆಗೆ ಜಾರಿತು. ಬಂಡೆಯ ಸಂದಿನಲ್ಲಿ ನಾಲ್ಕಾರು ಗಿಡ ಉಳಿದವು, ಅಷ್ಟೆ. ಪಕ್ಕದ ಊರಿನವರ ಗುಡ್ಡಕ್ಕೆ ಕತ್ತಿ ಹಿಡಿದು ಹೋಗುವ ಹಾಗಿಲ್ಲ. ಅವರವರ ಗುಡ್ಡ ಅವರವರ ಜೀವ. ಆಗ ಇಸೊ ಸಂದಿನಿಂದ ಒಂದು ಹಿಂಡು ಗಿಡವನ್ನು ಬೇರುಸಹಿತ ಕಿತ್ತು ತಂದು ತನ್ನ ಹಿತ್ತಲಲ್ಲಿ ನೆಟ್ಟಳು. ಊರಿಗೆ ನಗುವುದಕ್ಕೆ ಇನ್ನೇನು ಬೇಕು?

ಪಕ್ಕದ ಮನೆಯ ಹಿರಿಯ ಶೋಬೆ ಅಜ್ಜ ಬೇಲಿಯ ಮೇಲೆ ಗಲ್ಲ ಊರಿ ನೋಡಿದ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ ಕಣೆ ಇಸೊ. ಇದು ಮದ್ದೂ ಅಲ್ಲ, ಹಗ್ಗಾನೂ ಆಗಲ್ಲ. ಕಾಡುಕೋಣನ್ನ ತಂದು ಕೊಟ್ಟಿಗೇಲಿ ಕಟ್ಟಿದ್ರೆ ಉಳುತ್ತಾ?"

"ಉಳದಿದ್ರೆ ಹೂವಾದ್ರೂ ಬಿಡುತ್ತೆ ಅಜ್ಜ. ನಿನ್ನ ಹಾಗೆ ಬರೀ ಬೇಲಿ ಸವೆಸಲ್ಲ."

ಹೂವು ಬಿಟ್ಟಿತು. ಎದೆಮಟ್ಟ ಹಿಮ ಇರುವಾಗ, ಬೇರೆ ಯಾವ ಗಿಡಕ್ಕೂ ಕಣ್ಣು ತೆರೆಯುವ ಧೈರ್ಯ ಇಲ್ಲದಾಗ, ಬರಿಯ ಕೊಂಬೆಯ ಮೇಲೆ ಅರಿಸಿನದ ಬಟ್ಟೆಯನ್ನು ಚಿಂದಿ ಮಾಡಿ ಅಂಟಿಸಿದ ಹಾಗೆ ಸುರುಟು ಎಸಳುಗಳು ಮೂಡಿದವು. ಮನ್ಸಾಕು ತುಂಬ ಬಿಟ್ಟು ಹೂವು ಮೇಲೆ ನೋಡಿದರೆ ಆ ವರ್ಷ ಭತ್ತ ತುಂಬುತ್ತದೆ, ನೆಲ ನೋಡಿದರೆ ಕೈಕೊಡುತ್ತದೆ ಎನ್ನುವುದು ನಮ್ಮ ಹಳೆಯ ಲೆಕ್ಕ. ಗುಡ್ಡದ ಗಿಡ ಹೋದ ಮೇಲೆ ಊರಿಗೆ ನೋಡಿಕೊಳ್ಳಲು ಇಸೊಳ ಹಿತ್ತಲೇ ಗತಿಯಾಯಿತು. ನಕ್ಕವರೇ ಹಿಮದಲ್ಲಿ ನಡೆಯುವ ಮೆಟ್ಟು ಕಟ್ಟಿಕೊಂಡು ಬಂದು, ಹೂವು ಮೇಲೆ ನೋಡುತ್ತಿದೆಯೋ ನೆಲ ನೋಡುತ್ತಿದೆಯೋ ಎಂದು ಇಣುಕತೊಡಗಿದರು.

ಇಸೊ ಆ ಗಿಡವನ್ನು ಮಗುವಿನಂತೆ ಸಾಕಿದಳು. ರೇಷ್ಮೆಹುಳದ ಹಿಕ್ಕೆಯನ್ನು ಬುಡಕ್ಕೆ ಹಾಕಿದಳು. ಮೊದಲ ಹಿಮ ಬೀಳುವ ಮುಂಚೆ, ನಮ್ಮಲ್ಲಿ ಹಿತ್ತಲ ಮರಗಿಡಗಳಿಗೆಲ್ಲ ಮಾಡುವಂತೆ, ನಡುವೆ ಒಂದು ಕಂಬ ನೆಟ್ಟು ಅದರ ತುದಿಯಿಂದ ಒಂದೊಂದು ಕೊಂಬೆಗೂ ಹುಲ್ಲುಹಗ್ಗ ಇಳಿಸಿ ಎತ್ತಿ ಕಟ್ಟಿದಳು. ಅವಳ ಗಂಡ ಟೊಕುಜಿ ಮನೆ ಅಳಿಯನಾಗಿ ಬಂದವನು. ಅಣೆಕಟ್ಟಿನ ಕೆಲಸದಲ್ಲಿ ಬಂಡೆ ಬಿದ್ದು ತೀರಿಕೊಂಡ. ಅಂದಿನಿಂದ ಅವನ ತಮ್ಮ ಹೇಜೊ ಪ್ರತಿ ಚಳಿಗಾಲ ಕೆಳಮನೆಯಿಂದ ಬಂದು ಕಂಬ ನೆಟ್ಟು ಕೊಡುತ್ತಿದ್ದ. ಒಳ್ಳೆಯ ಮನುಷ್ಯ. ಯಾರಾದರೂ ಕೆಮ್ಮಿದರೆ ಅವನು ಕಷಾಯ ಕುದಿಸುತ್ತಿದ್ದ. ಇಬ್ಬರ ಆರೈಕೆಯಲ್ಲಿ ಮನ್ಸಾಕು ಬಿದಿರಿನಂತೆ ನೆಟ್ಟಗೆ, ನುಣ್ಣಗೆ ಬೆಳೆಯಿತು.

ಅಷ್ಟರಲ್ಲಿ ರೇಷ್ಮೆಯ ಕಾಲ ಮುಗಿದಿತ್ತು. ಅಟ್ಟದಲ್ಲಿ ಸಾಕಲು ಹುಳವಿಲ್ಲದ ಮೇಲೆ ಹಗಲಿರುಳೂ ಒಲೆ ಉರಿಸುವವರು ಯಾರು? ಹೊಗೆ ಕಡಿಮೆಯಾಯಿತು, ಹಳೆಯ ಕಟ್ಟುಗಳಿಗೆ ಕೊರಕ ಬಿತ್ತು. ಒಂದು ಶರತ್ಕಾಲ ಇಸೊಳ ಮನೆಯ ತೆಂಕಣ ಮಗ್ಗುಲಿನ ತೊಲೆಯೊಂದರ ಗಂಟು ಪುಡಿಯಾಗಿ ಉದುರಿತು. ಊರೆಲ್ಲ ಕೈಗೂಡಿಸಿ ಮಾಡಿನ ಕೆಲಸಕ್ಕೆ ಬಂದಿತು. ಒಬ್ಬರ ಮಾಡಿಗೆ ಎಲ್ಲರೂ ಬರುವುದು ನಮ್ಮ ಕಟ್ಟುಪಾಡು. ಇಸೊ ತನ್ನ ಹಿತ್ತಲಿನ ನೀಳ ಕಾಂಡಗಳನ್ನು ಕಡಿದು ತಂದಳು. ಎಂಥ ಕಾಂಡಗಳು! ಶೋಬೆ ಅಜ್ಜನೂ ತಡವಿ ನೋಡಿ "ಹ್ಞೂಂ" ಎಂದ.

ಇಸೊ ಅಡ್ಡತೊಲೆಯ ಮೇಲೆ ಕುಳಿತು ಕಾಂಡವನ್ನು ಜಜ್ಜಿ, ಬುಡವನ್ನು ಮೊಣಕಾಲಡಿ ಒತ್ತಿ ಹಿಂಡಿದಳು. ಚಟ್ ಎಂದಿತು. ಇನ್ನೊಂದು ತೆಗೆದಳು. ಅದೂ ಚಟ್. ಕೆಳಗೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ತಂದ ಕಟ್ಟಿನ ಕಾಂಡಗಳೆಲ್ಲ ಮೂಲಂಗಿಯಂತೆ ಮುರಿದವು.

"ಹುಳದ ಹಿಕ್ಕೆ ತಿಂದು ಕೊಬ್ಬಿದೆ ಕಣ್ರೋ! ಸೊಂಟ ಬಗ್ಗಲ್ಲ, ಸಾಹುಕಾರ್ತಿ!" ಎಂದು ಯಾರೋ ಕೂಗಿದರು. ಹುಲ್ಲಿನ ಹೊರೆ ಹೊತ್ತವರೂ ನಗತೊಡಗಿದರು.

ಹೇಜೊ ಮೆಲ್ಲಗೆ ಏಣಿ ಹತ್ತಿದ. ಅಣೆಕಟ್ಟಿನ ಕೆಲಸದವರು ಬಿಟ್ಟುಹೋದ ದಪ್ಪ ತಂತಿಯ ಸುರುಳಿ ಅವನ ಹೆಗಲಲ್ಲಿತ್ತು. "ಈ ಸಲಕ್ಕೆ ಇದಿರಲಿ ಅತ್ತಿಗೆ. ಹಿಮ ಬರೋ ಹೊತ್ತು." ಇಸೊ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಕ್ಯೂಬೆಯ ಮನೆಯ ಮಾಡಿಗೆ ಆ ದಿನ ಕಬ್ಬಿಣ ಹತ್ತಿತು.

ಮುರಿದ ಕಾಂಡಗಳನ್ನು ಒಲೆಗೆ ಹಾಕದೆ ಅವಳು ಒಂದು ವಾರ ಮುಂದಿಟ್ಟುಕೊಂಡು ಕುಳಿತಳು. ಆಮೇಲೆ ಜಾರಿದ ಗುಡ್ಡಕ್ಕೆ ಹೋದಳು. ಬಂಡೆಯ ಸಂದಿನ ಬಡಕಲು ಮನ್ಸಾಕುಗಳ ಬುಡವನ್ನು ಕೆದಕಿ ನೋಡಿದಳು. ಒಂದೊಂದರ ಬುಡವೂ ಕುಡುಗೋಲಿನಂತೆ ಡೊಂಕು. ಹಿಮ ಬಂದಾಗ ನೆಲಕ್ಕೆ ಒರಗಿ ಮಲಗಿ, ಹಿಮ ಕರಗಿದಾಗ ತಲೆಯೆತ್ತಿ, ಮತ್ತೆ ಮಲಗಿ ಮತ್ತೆ ಎದ್ದು ಆದ ಡೊಂಕು. ಒಂದು ಕೊಂಬೆಯನ್ನು ಹಿಡಿದು ತಿರುಚಿದಳು; ಅದು ನರಳಿತು, ಮುರಿಯಲಿಲ್ಲ. ಇಷ್ಟು ವರ್ಷ ತಾನು ಊರುಗೋಲು ಕೊಟ್ಟು ಕೊಟ್ಟು ಹಿತ್ತಲ ಗಿಡಕ್ಕೆ ಬಗ್ಗುವುದನ್ನೇ ಕಲಿಸಲಿಲ್ಲ ಎಂದು ಅವಳಿಗೆ ಹೊಳೆಯಿತು.

ಆ ಚಳಿಗಾಲ ಹೇಜೊ ಎಂದಿನಂತೆ ಕಂಬ ಹೊತ್ತು ಬಂದ.

"ವಾಪಸ್ ಒಯ್ಯಿ."

"ಗಿಡ ಸಾಯುತ್ತೆ ಅತ್ತಿಗೆ."

"ಗುಡ್ಡದ ಗಿಡಕ್ಕೆ ನೀನು ಕಂಬ ಹೊತ್ತಿದ್ಯಾ? ಅದು ಸತ್ತಿದ್ಯಾ? ಇದಕ್ಕೂ ಹಿಮದ ಕೆಳಗೆ ಮಲಗೋದು ಗೊತ್ತಾಗಲಿ."

ಅವನು ಹೋದ. ಆದರೆ ಕರುಣೆ ಎನ್ನುವುದು ಕಳ್ಳಬೆಕ್ಕು. ಅವಳು ಸಂತೆಗೆ ಹೋದ ದಿನ ನೋಡಿ ಕಂಬ ನೆಡುತ್ತಿದ್ದ, ಅವಳು ಬಂದು ಕಿತ್ತು ಅವನ ಅಂಗಳಕ್ಕೆ ಎಸೆಯುತ್ತಿದ್ದಳು. ಹಲವು ಚಳಿಗಾಲ ಈ ಆಟ ನಡೆಯಿತು. ಹಳೆಯ ನೆಟ್ಟನೆಯ ಕಾಂಡಗಳು ಹಿಮಕ್ಕೆ ಸೀಳಿ ಸತ್ತವು. ಬುಡದಿಂದ ಹೊಸ ಚಿಗುರು ಎದ್ದವು. ಅವು ಹುಟ್ಟುತ್ತಲೇ ಮಲಗುವುದನ್ನು ಕಲಿತವು. ಹೂವು ಕಡಿಮೆಯಾಯಿತು, ಇದ್ದವೂ ನೆಲ ನೋಡಿದವು. ಭತ್ತ ಕೈಕೊಟ್ಟ ವರ್ಷ "ಆ ಹೆಂಗಸು ಗಿಡಕ್ಕೆ ಕೊಟ್ಟ ಶಿಕ್ಷೆ ನಮಗೆ ತಗುಲ್ತು" ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಅದನ್ನು ಕೇಳಿಸಿಕೊಂಡ ಇಸೊಳ ಮಗಳು ಕಿನು ಮನೆಗೆ ಬಂದು ಅತ್ತಳು. ಇಸೊ ಅವಳ ತಟ್ಟೆಗೆ ಕೆಂಪು ಮೂಲಂಗಿಯ ಉಪ್ಪಿನಕಾಯಿ ಹಾಕಿ, "ತಿನ್ನು. ಅತ್ತರೆ ಭತ್ತ ಬೆಳೆಯಲ್ಲ" ಎಂದಳು.

ಶೋವಾ ಮೂವತ್ತೆಂಟರ, ಅಂದರೆ ಯುದ್ಧ ಮುಗಿದ ಹದಿನೆಂಟನೆಯ ವರ್ಷದ, ಹಿಮವನ್ನು ಕಂಡವರು ಇನ್ನೂ ಇದ್ದೇವೆ. ಮನೆಯಿಂದ ಮನೆಗೆ ಸುರಂಗ ತೋಡಿ ನಡೆದೆವು. ಮಾಡಿನ ಹಿಮ ಎಳೆದಷ್ಟೂ ಬಿತ್ತು. ಇಸೊಳ ಮನೆಯ ತೊಲೆಗಳು ನರಳುವ ಸದ್ದು ನಮ್ಮ ಮನೆಯವರೆಗೂ ಕೇಳುತ್ತಿತ್ತು. ಹಿತ್ತಲ ಮನ್ಸಾಕು ಎಲ್ಲಿತ್ತೆಂದು ತೋರಿಸಲೂ ಗುರುತಿರಲಿಲ್ಲ.

ಹಿಮ ಇಳಿಯತೊಡಗಿದಾಗ ನಾವು ನಾಲ್ಕು ಜನ ಅಟ್ಟ ಹತ್ತಿ ನೋಡಿದೆವು. ತಂತಿ ಹಾಗೇ ಇತ್ತು. ಅದು ಹಾಗೇ ಇದ್ದುದೇ ಕೇಡು. ತೊಲೆ ಅಲುಗಿದಾಗೆಲ್ಲ ತಾನು ಅಲುಗದೆ ಮರವನ್ನೇ ಕಚ್ಚಿ ಕಚ್ಚಿ ಒಳಗೆ ಇಳಿದಿತ್ತು. ಕಚ್ಚಿದ ಗಾಯದಿಂದ ಬಿರುಕು ಹೊರಟಿತ್ತು. ಮಾಡು ಶೋಬೆ ಅಜ್ಜನ ಮನೆಯ ಕಡೆಗೆ ಒಂದು ಗೇಣು ವಾಲಿತ್ತು.

ಮಾರನೆಯ ಬೆಳಿಗ್ಗೆ ಊರಿನವರು ಅಜ್ಜನ ಒಲೆಯ ಸುತ್ತ ಕೂಡಿದರು. ವಸಂತದ ತೆಂಕಣ ಗಾಳಿ ಬರುವ ಕಾಲ. ಕಣಿವೆಯಲ್ಲಿ ಅದು ನುಗ್ಗಿದರೆ ಕೋಳಿಗೂಡು ಹೊಳೆಯಾಚೆ ಸಿಗುತ್ತದೆ.

"ಗಾಳಿಗೆ ಮುಂಚೆ ಮನೆ ಬಿಚ್ಚಿಬಿಡೋಣ ಇಸೊ," ಎಂದ ಅಜ್ಜ. ಈ ಸಲ ಅವನ ಮಾತಿನಲ್ಲಿ ಕೊಂಕಿರಲಿಲ್ಲ. "ನಿನ್ನ ಮಾಡು ನನ್ನ ಮಾಡಿನ ಮೇಲೆ ಬಿದ್ದರೆ ಎರಡು ಒಲೆ ಆರುತ್ತೆ. ನನ್ನ ಮನೇಲಿ ಕೂಸು ಇದೆ."

"ತಂತಿ ತೆಗೆದು ನೆಸೊ ಕಟ್ತೀನಿ."

"ಯಾವುದರಲ್ಲಿ? ಆ ಹಿತ್ತಲ ಮೂಲಂಗೀಲಾ?"

ಯಾರೂ ನಗಲಿಲ್ಲ. ಇಸೊ ಎದ್ದು ನಿಂತಳು. "ಇವತ್ತು ಕಟ್ತೀನಿ. ಮುರೀತು ಅಂದ್ರೆ ನಾಳೆ ಮೊದಲ ಹಗ್ಗ ನಾನೇ ಬಿಚ್ತೀನಿ. ಎಲ್ಲರೆದುರು ಹೇಳಿದ್ದೀನಿ."

ಹಿತ್ತಲಲ್ಲಿ ಹಿಮ ಇನ್ನೂ ಸೊಂಟದವರೆಗಿತ್ತು. ಅವಳು ಸಲಿಕೆಯಿಂದ ತೋಡುತ್ತ ಹೋದಳು. ತಳದಲ್ಲಿ ಮನ್ಸಾಕು ನೆಲ ಕಚ್ಚಿ ಮಲಗಿತ್ತು, ದಪ್ಪದೊಂದು ಕೊಂಬೆ ಉದ್ದಕ್ಕೆ ಸೀಳಿತ್ತು. ಮೇಲಿನ ಭಾರ ತೆಗೆದಂತೆಲ್ಲ ಉಳಿದ ಕಾಂಡಗಳು ಒಂದೊಂದಾಗಿ ಮಿಸುಕಿ ಮೇಲೆದ್ದವು. ತುದಿಯಲ್ಲಿ ಹಳದಿ ಹೂವು, ಒದ್ದೆಯಾಗಿ ಮುದುಡಿದ್ದರೂ ಅರಳಿದ ಹೂವು. ನೋಡುತ್ತ ನಿಂತಿದ್ದ ಹೆಂಗಸರು ಕೈ ಜೋಡಿಸಿದರು.

"ಹೂವಿರೋದನ್ನ ಕಡೀಬೇಡ ತಾಯಿ," ಎಂದಳು ಅಜ್ಜನ ಸೊಸೆ. "ಊರಿನ ಬೆಳೆ ಕಣೆ ಅದು."

"ಬೆಳೆ ತಿನ್ನೋಕೆ ಮನೆ ಬೇಡ್ವಾ?" ಎಂದು ಇಸೊ ಕತ್ತಿ ಹಾಕಿದಳು. ಒಂದು ಚಿಕ್ಕ ಕಾಂಡವನ್ನು ಮಾತ್ರ ಬುಡದಲ್ಲಿ ಬಿಟ್ಟಳು. ಉಳಿದವನ್ನು ಹೆಗಲಿಗೇರಿಸಿಕೊಂಡು ಹೊರಟಾಗ ಹೂವು ಹಿಮದ ಮೇಲೆ ಉದುರುತ್ತ ಹೋಯಿತು.

ನಾನು ಏಣಿ ಹಿಡಿದಿದ್ದೆ. ತೊಲೆಗೆ ಅಡ್ಡ ಆಸರೆ ಕೊಟ್ಟು, ಹೇಜೊ ತಂತಿ ಕತ್ತರಿಸಿದಾಗ ಇಡೀ ಮಾಡು ಒಂದು ಸಲ ಉಸಿರೆಳೆದು ಕೂತಂತೆ ಕಿರುಗುಟ್ಟಿತು. ಇಸೊ ಮೊದಲ ಕಾಂಡ ತೆಗೆದಳು. ಅದರ ಬುಡ ಕುಡುಗೋಲಿನಂತಿತ್ತು. ಜಜ್ಜಿದಳು. ಡೊಂಕನ್ನು ಮೊಣಕಾಲಿಗೆ ಸಿಕ್ಕಿಸಿ ಹಿಂಡಿದಳು. ನಾರು ಬಿಚ್ಚಿ, ತೊಗಟೆ ಸುಲಿದು, ರಸ ಅವಳ ಮಣಿಕಟ್ಟಿಗೆ ಇಳಿಯಿತು. ಚಟ್ ಎನ್ನುತ್ತದೆಂದು ನಾವೆಲ್ಲ ಕಿವಿ ಮುಚ್ಚಿಕೊಳ್ಳುವವರಂತೆ ಕಾದೆವು.

ಅನ್ನಲಿಲ್ಲ.

ಕಾಂಡ ಹಗ್ಗವಾಗಿ ತೊಲೆಯ ಮೈಗೆ ಹಾವಿನಂತೆ ಸುತ್ತಿಕೊಂಡಿತು. ಇಸೊ ಮುಂದಿನದನ್ನು ತೆಗೆದಳು. ಹಿಮಕ್ಕೆ ಸೀಳಿದ್ದ ದಪ್ಪ ಕೊಂಬೆಯನ್ನೂ ತಂದಿದ್ದಳು. ಅದು ಅರ್ಧ ಸುತ್ತಿಗೇ ಹರಿಯಿತು. ಕೆಳಗಿನಿಂದ ಅಜ್ಜನ ನಿಟ್ಟುಸಿರು ಕೇಳಿತು. ಇನ್ನು ಉಳಿದದ್ದು ಒಂದೇ. ಅದನ್ನು ಹಿಂಡುವಾಗ ಅವಳ ಅಂಗೈ ಬಿರಿದು ರಕ್ತ ಬಂತು. ಅದು ತಡೆಯಿತು. ಕೊನೆಯ ತುದಿಯನ್ನು ಗಂಟಿನೊಳಗೆ ತೂರಿಸಿ, ಬಿಗಿಯುವ ಕೋಲು ಸಿಕ್ಕಿಸಿ ತಿರುವಿದಳು. ಹಸಿ ಗಂಟು ಕೂತಿತು.

ಅವಳು ಇಳಿಯುವ ಮುಂಚೆಯೇ ಹೊಳೆಯ ಕಡೆಯಿಂದ ಬೆಚ್ಚಗಿನ ಉಸಿರು ಬಂತು. ಬೆಟ್ಟದ ಹಿಮಕ್ಕೆ ಹೊಂದದ ಬಿಸಿ. ನಮಗೆಲ್ಲ ಅದು ಗೊತ್ತು. "ತೆಂಕಣ ಬಂತು! ಬೆಂಕಿ ಆರಿಸಿ, ಬೆಂಕಿ ಆರಿಸಿ!" ಎಂದು ಯಾರೋ ಮರದ ತುಂಡು ಬಡಿಯುತ್ತ ಓಣಿಯಲ್ಲಿ ಓಡಿದರು. ಹುಲ್ಲಿನ ಊರು, ಆ ಗಾಳಿಗೆ ಒಂದು ಕಿಡಿ ಸಾಕು. ಮನೆಮನೆಯ ಒಲೆಗೆ ನೀರು ಬಿತ್ತು.

ಶೋಬೆ ಅಜ್ಜ ಸೊಸೆಯನ್ನೂ ಕೂಸನ್ನೂ ಗುಡಿಗೆ ಕಳಿಸಿದ. ಕಿನು ಏಣಿಯ ಬುಡಕ್ಕೆ ಬಂದು "ಅವ್ವಾ, ಇಳಿದು ಬಾರೆ!" ಎಂದು ಕೂಗಿದಳು. ಹೇಜೊ ಅವಳನ್ನು ತನ್ನ ಮನೆಗೆ ಎಳೆದುಕೊಂಡು ಹೋದ.

ಇಸೊ ಇಳಿಯಲಿಲ್ಲ. ಇಳಿಯುವ ಹಾಗಿಲ್ಲ ಎನ್ನುವುದು ನಮ್ಮ ಕಡೆಯ ಕಟ್ಟುವವರಿಗೆಲ್ಲ ಗೊತ್ತು. ಒಣಗಿದ ಗಂಟಿಗೆ ಭಯವಿಲ್ಲ. ಹಸಿ ಗಂಟು ಮೊದಲ ಗಾಳಿಗೆ ಒಂದಿಷ್ಟು ಜಾರುತ್ತದೆ. ಜಾರಿದ ಆ ಕ್ಷಣದಲ್ಲಿ ಕೋಲು ತಿರುವಿ, ಗಾಳಿ ನಿಲ್ಲುವ ತನಕ ಬಿಡದೆ ಹಿಡಿಯಬೇಕು. ಕಡಿಮೆ ತಿರುವಿದರೆ ಬಿಚ್ಚುತ್ತದೆ, ಹೆಚ್ಚು ತಿರುವಿದರೆ ಹರಿಯುತ್ತದೆ.

ಗಾಳಿ ಬಡಿಯಿತು. ಹಳೆಯ ಮಸಿ ಅಟ್ಟದ ತುಂಬ ಉದುರಿತು. ಅಡ್ಡ ಕೊಟ್ಟಿದ್ದ ಆಸರೆ ಕಳಚಿ ಕೆಳಗೆ ಬಿತ್ತು. ನಾನು ಏಣಿಯ ಮೇಲ್ತುದಿಯಲ್ಲಿ ಗೂಟವನ್ನು ತಬ್ಬಿಕೊಂಡು, ಬಾಯಲ್ಲಿ ಬುದ್ಧನ ಹೆಸರು ಹೇಳುತ್ತ ನೋಡುತ್ತಿದ್ದೆ. ತೊಲೆ ಎದ್ದಿತು, ಎದ್ದದ್ದು ನನ್ನ ಕಣ್ಣಿಗೇ ಕಂಡಿತು. ಗಂಟು ಒಂದು ಬೆರಳಷ್ಟು ಜಾರಿತು. ಇಸೊ ಕೋಲನ್ನು ಎದೆಗೆ ಒತ್ತಿಕೊಂಡು ತಿರುವಿದಳು, ಕಣ್ಣು ಮುಚ್ಚಿ, ಕಿವಿಯನ್ನು ತೊಲೆಗೆ ಆನಿಸಿ. ಕಿರ್ ಎಂದಿತು. ಇನ್ನೊಂದಿಷ್ಟು ತಿರುವಿದಳು. ಸದ್ದು ನಿಂತಿತು. ತೊಲೆ ತನ್ನ ಜಾಗಕ್ಕೆ ಬಂದು ಕೂತಿತು.

ಎರಡನೆಯ ಬೀಸು ಮೊದಲಿನದಕ್ಕಿಂತ ಜೋರಾಗಿತ್ತು. ಮಾಡು ಪೂರ್ತಿ ವಾಲಿ, ಅಜ್ಜನ ಮನೆಯ ಕಡೆಗೆ ಹೋಗುವುದೇನೋ ಎನ್ನುವಷ್ಟು ವಾಲಿ, ಮೆಲ್ಲಗೆ ಹಿಂದಕ್ಕೆ ಬಂತು. ಗಂಟು ಜಾರಲಿಲ್ಲ.

ಹೇಜೊ ಏದುಸಿರು ಬಿಡುತ್ತ ನನ್ನನ್ನು ಸರಿಸಿ ಮೇಲೆ ಬಂದ. ತೋಳಿನಲ್ಲಿ ಹತ್ತಿ ತುಂಬಿದ ಬೆಚ್ಚನೆಯ ಅಂಗಿ, ಕೈಯಲ್ಲಿ ತಣ್ಣಗಿನ ಜೋಳದ ರೊಟ್ಟಿಯ ಪೊಟ್ಟಣ. ಅವಳ ಅಂಗೈಯಿಂದ ಕೋಲಿನುದ್ದಕ್ಕೂ ಹರಿದ ರಕ್ತ ಕಂಡು ಅವನ ಮುಖ ಬಿಳಿಚಿತು.

"ಅಯ್ಯೋ ಅತ್ತಿಗೆ! ಕೋಲು ಇತ್ತ ಕೊಡಿ. ಹಿಡಿದದ್ದು ಹಿಡಿದೇ ಇರ್ತೀನಿ, ತಿರುವಲ್ಲ, ಸತ್ಯವಾಗಿ. ನೀವು ಸ್ವಲ್ಪ ಹೊತ್ತು ಕೆಳಗೆ ಹೋಗಿ ಕೈ ತೊಳಕೊಳ್ಳಿ."

ಇಸೊ ಕಣ್ಣು ತೆರೆಯಲಿಲ್ಲ. ಕಿವಿಯನ್ನೂ ತೊಲೆಯಿಂದ ತೆಗೆಯಲಿಲ್ಲ.

"ಕೋಲಿಗೆ ಕೈ ಹಚ್ಚಬೇಡ ಹೇಜೊ. ಇದು ಎಷ್ಟು ಬಿಗಿದಿದೆ ಅಂತ ನನ್ನ ಅಂಗೈಗೆ ಗೊತ್ತಾಗಿದೆ. ನಿನ್ನ ಅಂಗೈಗೆ ಮತ್ತೆ ಮೊದಲಿಂದ ಹೇಳಬೇಕು, ಅಷ್ಟು ಪುರುಸೊತ್ತು ಈ ಗಾಳಿಗಿಲ್ಲ. ರೊಟ್ಟಿ ಅಲ್ಲಿಟ್ಟು ಇಳಿದು ಹೋಗು. ಅವ್ವ ಊಟಕ್ಕೆ ತಡ ಮಾಡ್ತಾಳೆ ಅಂತ ಕಿನುಗೆ ಹೇಳು."